ಒಂದು ತಾಸಿನ ಹಾದಿ

ಮಾನ್ವಿ
12-6-1983

ಅಣ್ಣ ತಾಯಣ್ಣನಿಗೆ ಸೂಗಿಯ ಶರಣು.

ಶಾಲೆ ಶುರುವಾಯಿತು. ಈ ವರ್ಷ ಮೂರನೆಯ ತರಗತಿ ನನ್ನ ಕೊರಳಿಗೆ ಬಿದ್ದಿದೆ. ಮಕ್ಕಳು ಸೂಟಿಯಲ್ಲಿ ಕಲಿತದ್ದನ್ನೆಲ್ಲ ಮರೆತು ಬಂದಿದ್ದಾರೆ, ನಾನೂ ಅವರಿಗೆ ಸರಿಜೋಡಿ. ಅವ್ವ ಗಬ್ಬೂರಿನಲ್ಲಿ ಗಟ್ಟಿಯಾಗಿದ್ದಾಳೆ. ಇನ್ನು ಹೊಲದ ಕೆಲಸಕ್ಕೆ ಹೋಗಬೇಡ ಎಂದು ನೀನು ಬರೆದದ್ದನ್ನು ಓದಿ ಹೇಳಿದೆ. 'ಸಮುದ್ರದಾಗ ಕುಂತು ಹೇಳಾಕ ಏನು' ಎಂದು ಕುಡಗೋಲು ಹಿಡಿದು ಹೊರಟಳು.

ಈಗ ಮುಖ್ಯ ಮಾತು. ನಮ್ಮ ತಮ್ಮ ಉರುಕುಂದನಿಗೆ ವರ್ಗವಾಗಿದೆ. ವಾಯುಪಡೆಯವರು ಅವನನ್ನು ಕಾರ್ ನಿಕೋಬಾರ್ ಎಂಬ ದ್ವೀಪಕ್ಕೆ ಹಾಕಿದ್ದಾರೆ. ಹೆಂಡತಿ ಬಸ್ಸಮ್ಮನನ್ನೂ ಕರೆದುಕೊಂಡು ಹೋಗಿದ್ದಾನೆ. ಶಾಲೆಯ ಗೋಡೆಯ ನಕಾಶೆಯಲ್ಲಿ ಹುಡುಕಿದೆ. ನೀನಿರುವ ಪೋರ್ಟ್ ಬ್ಲೇರಿನ ಕೆಳಗೇ ಇದೆ, ನಡುವೆ ನನ್ನ ಕಿರುಬೆರಳಿನ ಉಗುರಿನಷ್ಟು ನೀಲಿ. ಇಡೀ ಹಿಂದೂಸ್ತಾನ ಬಿಟ್ಟು ನಿಮ್ಮಿಬ್ಬರನ್ನೂ ಒಂದೇ ಮೂಲೆಗೆ ತಂದು ಹಾಕಿದ್ದಾರಲ್ಲ, ಆ ಸರಕಾರಕ್ಕೆ ನಿಮ್ಮ ಜಗಳ ಗೊತ್ತಿಲ್ಲ ಅಂತ ಕಾಣುತ್ತದೆ.

ಐದು ವರ್ಷದಿಂದ ನಾನು ಅವನ ಹೆಸರು ಬರೆದಾಗಲೆಲ್ಲ ನೀನು ಉತ್ತರದಲ್ಲಿ ಆ ಸಾಲನ್ನೇ ಹಾರಿಸಿಬಿಡುತ್ತೀ. ಸರಿ, ಅವನ ಬಗ್ಗೆ ಕೇಳುವುದಿಲ್ಲ. ನೀನು ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿ ಇರುವವನು. ಅಲ್ಲಿಂದ ಆ ದ್ವೀಪ ಎಷ್ಟು ದೂರ, ಎಷ್ಟು ಹೊತ್ತಿನ ಹಾದಿ, ಅಷ್ಟು ಬರೆ. ಮೂರನೆಯ ತರಗತಿಯ ಮಕ್ಕಳಿಗೆ ಹೇಳಬೇಕಾಗಿದೆ ಎಂದೇ ತಿಳಿ.

ನಿನ್ನ ತಂಗಿ
ಸೂಗಮ್ಮ


ಪೋರ್ಟ್ ಬ್ಲೇರ್
9-7-1983

ಸೂಗಮ್ಮನಿಗೆ,

ಕಾಗದ ಮುಟ್ಟಿತು. ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಇಲ್ಲಿಯ ವಿಮಾನ ನಿಲ್ದಾಣದಿಂದ ಕಾರ್ ನಿಕೋಬಾರಿನ ವಿಮಾನ ನಿಲ್ದಾಣಕ್ಕೆ ಆಕಾಶದ ಹಾದಿ ಎರಡು ನೂರಾ ಎಂಬತ್ತು ಕಿಲೋಮೀಟರಿಗೆ ತುಸು ಕಡಿಮೆ. ಸರಿಯಾಗಿ ದಕ್ಷಿಣ ದಿಕ್ಕು. ರಾಯಚೂರಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋದಷ್ಟು ದೂರ ಎಂದು ಮಕ್ಕಳಿಗೆ ಹೇಳಬಹುದು. ಹಡಗಿನಲ್ಲಾದರೆ ಒಂದು ರಾತ್ರಿ ಪೂರಾ ಬೇಕು. ನಡುಸಮುದ್ರದ ಹತ್ತು ಡಿಗ್ರಿ ಕಾಲುವೆ ಎಂಬಲ್ಲಿ ನೀರು ಬಹಳ ಒರಟು, ಹೊಟ್ಟೆಯಲ್ಲಿದ್ದದ್ದು ನಿಲ್ಲುವುದಿಲ್ಲ. ವಿಮಾನಕ್ಕೆ ಎದುರುಗಾಳಿ ಇಲ್ಲದಿದ್ದರೆ ಹೆಚ್ಚುಕಡಿಮೆ ಒಂದು ತಾಸು. ವಾರಕ್ಕೊಮ್ಮೆ ಹೋಗುತ್ತದೆ, ಅದೂ ಮಳೆರಾಯ ಬಿಟ್ಟರೆ.

ಅದು ಹೊರಡುವ ಮೊದಲು ಹಾದಿಯ ಮೋಡ, ಗಾಳಿ, ಮಳೆ ಹೇಗಿದೆ ಎಂದು ಬರೆದು ಕೊಡುವ ಕೆಲಸ ನಮ್ಮದು. ಹಾಗಾಗಿ ಆ ಹಾದಿ ನನಗೆ ಬಾಯಿಪಾಠವಾಗಿದೆ. ಹೋಗಿಲ್ಲ, ಅಷ್ಟೆ.

ಈ ತಿಂಗಳು ಮತ್ತು ಮುಂದಿನ ತಿಂಗಳು ಆ ಕಡೆ ಗಾಳಿ ಜೋರಿರುತ್ತದೆ. ತಗಡಿನ ಮನೆಯಲ್ಲಿ ಇರುವವರು ಯಾರಾದರೂ ಸರಿ, ತಗಡಿನ ಮೇಲೆ ಹಗ್ಗ ಹಾಯಿಸಿ ಬಿಗಿದುಕೊಳ್ಳುವುದು ಒಳ್ಳೆಯದು. ಇದು ಸಾಮಾನ್ಯವಾಗಿ ಹೇಳಿದ ಮಾತು. ಯಾರಿಗೂ ಬರೆದು ತಿಳಿಸಬೇಕಾಗಿಲ್ಲ.

ಅವ್ವನಿಗೆ ಮೊಣಕಾಲಿನ ಎಣ್ಣೆ ಕಳಿಸಿದ್ದೇನೆ.

ತಾಯಣ್ಣ


ಮಾನ್ವಿ
7-8-1983

ಲೇ ಉರುಕುಂದ,

ಮೊದಲು ಒಂದು ಕೆಲಸ ಮಾಡು. ಎದ್ದು ಹೋಗಿ ನಿನ್ನ ಮನೆಯ ತಗಡಿನ ಮೇಲೆ ಹಗ್ಗ ಹಾಯಿಸಿ ಬಿಗಿ. ಯಾರು ಹೇಳಿದರು ಎಂದು ಕೇಳಬೇಡ. ಬಿಗಿದು ಬಂದು ಮುಂದೆ ಓದು.

ಬಿಗಿದೆಯಾ? ಈಗ ಕೇಳು. ನಿನಗೂ ಅಣ್ಣನಿಗೂ ನಡುವೆ ವಿಮಾನದಲ್ಲಿ ಒಂದು ತಾಸು. ಮಾನ್ವಿಯಿಂದ ರಾಯಚೂರಿಗೆ ಹೋಗಲು ನನಗೆ ಒಂದೂವರೆ ತಾಸು ಬೇಕು, ಅದೂ ಬಸ್ಸು ಕೈಕೊಡದಿದ್ದರೆ. ನಾನು ರಾಯಚೂರಿಗೆ ಹೋಗಿ ಒಂದು ಸೀರೆ ತರುವುದಕ್ಕಿಂತ ಬೇಗ ನೀನು ಒಡಹುಟ್ಟಿದವನ ಮುಖ ನೋಡಬಹುದು. ಆದರೆ ಏನಾಗುತ್ತಿದೆ? ನಿನ್ನ ಸುದ್ದಿ ಅವನಿಗೆ ಮುಟ್ಟಬೇಕಾದರೆ ಅದು ಸಮುದ್ರ ದಾಟಿ ಮದ್ರಾಸಿಗೆ ಬಂದು, ರೈಲು ಹತ್ತಿ ರಾಯಚೂರಿಗೆ ಬಂದು, ಬಸ್ಸಿನಲ್ಲಿ ಮಾನ್ವಿಗೆ ಬಂದು, ನನ್ನ ಕೈ ದಾಟಿ, ಮತ್ತೆ ಅದೇ ಹಾದಿಯಲ್ಲಿ ತಿರುಗಿ ಹೋಗಬೇಕು. ನಡುವೆ ಕೂತು ನನಗೆ ಸಾಕಾಗಿದೆಯೋ ತಮ್ಮಾ. ಟಪಾಲಿನವರಾದರೂ ಸಂಬಳ ತೆಗೆದುಕೊಳ್ಳುತ್ತಾರೆ.

ಬಸ್ಸಮ್ಮನಿಗೆ ಐದು ತಿಂಗಳೆಂದು ನೀನು ಬರೆದಿದ್ದೆ, ಈಗ ಏಳಾಗಿರಬೇಕು. ಜೋಳದ ಹಿಟ್ಟು ಪಾರ್ಸಲ್ ಮಾಡಿದ್ದೇನೆ. ಹುಳ ಬಿದ್ದಿದ್ದರೆ ಜರಡಿ ಹಿಡಿದುಕೊಳ್ಳಲಿ.

ನಿನ್ನ ಅಕ್ಕ
ಸೂಗಮ್ಮ


ಕಾರ್ ನಿಕೋಬಾರ್
20-9-1983

ಅಕ್ಕನಿಗೆ ಉರುಕುಂದನ ನಮಸ್ಕಾರ.

ಹಿಟ್ಟು ಬಂತು. ಹುಳ ನಮಗಿಂತ ಮೊದಲೇ ಊಟ ಮುಗಿಸಿದ್ದವು. ಆದರೂ ಬಸ್ಸಮ್ಮ ಜರಡಿ ಹಿಡಿದು ನಾಲ್ಕು ರೊಟ್ಟಿ ಬಡಿದಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಪಕ್ಕದ ಮನೆಯ ಮಲಯಾಳಿ ಹೆಂಗಸು ಗಾಬರಿಯಾಗಿ ಬಂದಳು, ಗಂಡ ಹೆಂಡತಿ ಹೊಡೆದಾಡುತ್ತಿದ್ದಾರೆ ಎಂದು. ಅವಳಿಗೂ ಒಂದು ಕೊಟ್ಟೆವು. ಇಲ್ಲಿ ತೆಂಗು ಮತ್ತು ಮೀನು ಬಿಟ್ಟು ಬೇರೆ ಮಾತಿಲ್ಲ.

ಹಗ್ಗದ ಮಾತು ಯಾರದೆಂದು ತಿಳಿಯದಷ್ಟು ದಡ್ಡ ನಾನಲ್ಲ. ಕಟ್ಟಿದ್ದೇನೆ. ಮೊನ್ನೆಯ ಗಾಳಿಗೆ ಎರಡು ಮನೆಯ ತಗಡು ಹಾರಿದವು, ನಮ್ಮದು ನಿಂತಿತು. ಇದನ್ನು ಅವನಿಗೆ ಬರೆಯಬೇಕಾಗಿಲ್ಲ.

ಅಕ್ಕಾ, ಅಪ್ಪ ಸತ್ತ ದಿನ ನೀನು ಮನೆಯಲ್ಲಿ ಅವ್ವನನ್ನು ಹಿಡಿದುಕೊಂಡು ಕೂತಿದ್ದೆ. ಸುಡುಗಾಡಿನಲ್ಲಿ ಏನಾಯಿತೆಂದು ನೀನು ನೋಡಿಲ್ಲ. ಬೆಂಗಳೂರಿನಲ್ಲಿ ತಂತಿ ಕೈಗೆ ಬಂದ ಕೂಡಲೇ ಹೊರಟೆ. ರಾಯಚೂರಿಗೆ ರೈಲು ತಡವಾಗಿ ಬಂತು. ಗಬ್ಬೂರಿನ ಬಸ್ಸು ಹೋಗಿಬಿಟ್ಟಿತ್ತು. ಅರಳೆಯ ಲಾರಿ ಹತ್ತಿ, ಕ್ರಾಸಿನಲ್ಲಿ ಇಳಿದು, ಓಡುತ್ತ ಬಂದೆ. ಹೊತ್ತು ಮುಳುಗಿ ಒಂದು ತಾಸಾಗಿತ್ತು. ಆಗಲೇ ಮಣ್ಣು ಮಾಡಿ ಮುಗಿಸಿದ್ದರು. ಮುಗಿಸಿದ್ದರು ಎಂದೆನಲ್ಲ, ಅದೂ ಸುಳ್ಳು. ಕಂದೀಲು ಹಿಡಿದು ನೋಡಿದರೆ ಕುಣಿಯ ಪಕ್ಕದಲ್ಲಿ ಒಂದು ಗುಂಪಿ ಮಣ್ಣು ಹಾಗೇ ಬಿದ್ದಿತ್ತು. ತಲೆಯ ಕಡೆ ತಗ್ಗು ಹಾಗೇ ಇತ್ತು. ಅಪ್ಪನನ್ನು ಸರಿಯಾಗಿ ಮುಚ್ಚಲಿಕ್ಕೂ ಅವನಿಗೆ ಪುರಸೊತ್ತು ಇರಲಿಲ್ಲ. ಹಿರಿಯರು ಅವಸರ ಮಾಡಿರಬಹುದು, ಹಿರಿಮಗ ಇವನಲ್ಲವೇ? ಒಂದು ತಾಸು ಕಾಯಿರಿ ಎಂದು ಬಾಯಿ ಬಿಟ್ಟು ಹೇಳಬಾರದಿತ್ತೇ? ನಾಲ್ಕು ಜನರ ಮುಂದೆ ಬೈದೆ. ಬೈದದ್ದು ತಪ್ಪೆಂದು ಇವತ್ತಿಗೂ ಅನಿಸಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೋದೆ.

ನನಗಾಗಿ ಒಂದು ತಾಸು ಕಾಯದವನ ಹತ್ತಿರ ಒಂದು ತಾಸು ಹಾರಿಕೊಂಡು ನಾನು ಯಾಕೆ ಹೋಗಲಿ?

ಅವ್ವ ನನ್ನ ವಿಷಯ ಕೇಳುತ್ತಾಳೆಯೇ? ನೀನು ಅವಳ ಹೆಸರಿನಲ್ಲಿ ಬರೆಯುವ ಆಶೀರ್ವಾದದ ಸಾಲು ನಿನ್ನದೇ ಎಂದು ನನಗೆ ಗೊತ್ತು.

ಹೆರಿಗೆ ಇಲ್ಲಿಯ ಆಸ್ಪತ್ರೆಯಲ್ಲೇ. ಕೂಸಿಗೆ ಹೆಸರಿಡುವುದು ಸೋದರತ್ತೆಯ ಕೆಲಸ. ಕಿವಿಯಲ್ಲಿ ಹೆಸರು ಹೇಳಿ ಬೆನ್ನಿಗೆ ಗುದ್ದಿಸಿಕೊಳ್ಳಲು ನೀನು ಬರಬೇಕು. ನೀನು ಬರುವ ತನಕ ಹೆಸರಿಲ್ಲ.

ಉರುಕುಂದ


ಗಬ್ಬೂರು
6-11-1983

ಅಣ್ಣನಿಗೆ,

ದೀಪಾವಳಿ ಸೂಟಿಗೆ ಗಬ್ಬೂರಿಗೆ ಬಂದಿದ್ದೇನೆ. ಉರುಕುಂದನಿಗೆ ಹೆಣ್ಣು ಕೂಸು. ತಾಯಿ, ಕೂಸು ಇಬ್ಬರೂ ಆರಾಮ. ಈ ಸಾಲನ್ನು ಹಾರಿಸಬೇಡ, ನೀನು ದೊಡ್ಡಪ್ಪನಾಗಿದ್ದೀ.

ಸುದ್ದಿ ಹೇಳಿದರೆ ಅವ್ವ 'ಹೌದಾ' ಎಂದಳು. ಅಷ್ಟೇ. ಒಲೆಯ ಬೂದಿ ತೆಗೆಯುತ್ತ ಕೂತಳು. ನನಗೆ ಸಿಟ್ಟು ಬಂತು, ಆದರೆ ಹಬ್ಬದ ದಿನ ಬಾಯಿ ಮಾಡಬಾರದೆಂದು ಸುಮ್ಮನಾದೆ. ಆಮೇಲೆ ಇಬ್ಬರೂ ಎಡೆ ತೆಗೆದುಕೊಂಡು ಅಪ್ಪನ ಸಮಾಧಿಯ ಕಡೆ ಹೋದೆವು. ಪಕ್ಕದಲ್ಲಿ ಸುತ್ತಲೂ ಕಲ್ಲಿಟ್ಟ ಒಂದು ಮಣ್ಣಿನ ಗುಂಪಿ ಇತ್ತು. ಎಡೆ ಇಡಲು ಜಾಗ ಮಾಡೋಣ ಎಂದು ನಾನು ಅದರ ಒಂದು ಕಲ್ಲಿಗೆ ಕೈ ಹಾಕಿದೆ.

'ಅದನ್ನ ಮುಟ್ಟಬ್ಯಾಡ' ಎಂದಳು ಅವ್ವ. 'ಅದು ಸಣ್ಣಂವನ ಪಾಲಿಂದು.'

'ಯಾತರ ಪಾಲು ಯವ್ವಾ?'

'ಮಣ್ಣಿಂದು. ಅವತ್ತ ಹೊತ್ತು ಮುಳುಗತದ, ಮುಗಿಸಿಬಿಡ್ರಿ ಅಂತ ಹಿರ್ಯಾರು ಗಂಟುಬಿದ್ರು. ನಿಮ್ಮಣ್ಣ ಕುಣಿ ತೋಡಿದ ಗಡಿಗೆಪ್ಪನ ಕೈಯಾಗಿನ ಸಲಿಕಿ ಕಸಗೊಂಡು ನಿಂತನಂತ. ಇಷ್ಟು ಮಣ್ಣು ನನ್ನ ತಮ್ಮಂದು, ಅಂವ ಬಂದು ಹಾಕ್ತಾನ, ಯಾರೂ ಮುಟ್ಟಬ್ಯಾಡ್ರಿ ಅಂದನಂತ. ಅಂವ ಬಂದ. ನೋಡಿದ. ಅಣ್ಣನ್ನ ಬೈದ, ಹಾಕದ ಹೋದ. ಹೆತ್ತಪ್ಪಗ ಒಂದು ಹಿಡಿ ಮಣ್ಣು ಹಾಕದಂವನ್ನ ನಾ ಏನಂತ ಕೇಳ್ಲಿ ಸೂಗಿ?'

ಕಲ್ಲಿನಿಂದ ಕೈ ತೆಗೆದೆ. ಅಣ್ಣಾ, ಆ ಗುಂಪಿ ತನ್ನ ಪಾಲಿನದೆಂದು ಅವನಿಗೆ ಗೊತ್ತೇ ಇಲ್ಲ. ಅವಸರದಲ್ಲಿ ಅಪ್ಪನನ್ನು ಅರ್ಧ ಮುಚ್ಚಿ ಹೋಗಿದ್ದಾರೆ ಎಂದು ತಿಳಿದು ಬೈದಿದ್ದಾನೆ. ನನಗೆ ಬರೆದ ಕಾಗದದಲ್ಲಿ ಇವತ್ತಿಗೂ ಅದೇ ಇದೆ. ನೀನು ಯಾಕೆ ಹೇಳಲಿಲ್ಲ? ಒಂದೇ ಒಂದು ಮಾತು, 'ಲೇ, ಅದು ನಿಂದು' ಎಂದಿದ್ದರೆ ಮುಗಿದುಹೋಗುತ್ತಿತ್ತು.

ಅವ್ವನಿಗೆ ಅಲ್ಲೇ ಬಿಡಿಸಿ ಹೇಳಿದೆ. 'ಅಂವಗ ಗೊತ್ತಿರಲಿಲ್ಲೇನು' ಎಂದು ಎರಡು ಸಲ ಕೇಳಿದಳು. ಐದು ವರ್ಷ ಸಣ್ಣ ಮಗನ ಮೇಲೆ ಹಲ್ಲು ಕಚ್ಚಿಕೊಂಡಿದ್ದವಳು, ಪ್ರತಿ ಮಳೆಗಾಲ ಮುಗಿದ ಮೇಲೆ ಬಂದು ಹರಿದುಹೋದ ಅವನ ಮಣ್ಣನ್ನು ಮತ್ತೆ ಗುಂಪಿ ಮಾಡಿ ಕಲ್ಲಿಟ್ಟು ಹೋಗಿದ್ದಾಳೆ. ನಮ್ಮ ಮನೆಯ ಜನರ ತಲೆಗೆ ಏನೆನ್ನಬೇಕೋ ನನಗೆ ತಿಳಿಯದು.

ಬರೆ ಅವನಿಗೆ. ನೀನೇ ಬರೆ. ನನ್ನ ಕೈ ದಾಟಿಸಬೇಡ.

ಸೂಗಿ


ಪೋರ್ಟ್ ಬ್ಲೇರ್
2-12-1983

ಸೂಗಮ್ಮನಿಗೆ,

ಕಾಗದವನ್ನು ಕಚೇರಿಯಲ್ಲಿ ಓದಿದೆ. ಮತ್ತೆ ಮನೆಯಲ್ಲಿ ಓದಿದೆ.

ಅವತ್ತು ನಾನು ಎಷ್ಟು ಸಲ ರಸ್ತೆಗೆ ಹೋಗಿ ನೋಡಿದೆನೆಂದು ನನಗೇ ಗೊತ್ತು. ಕೊನೆಯ ಬಸ್ಸು ಬಂತು, ಅದರಲ್ಲಿ ಅವನಿರಲಿಲ್ಲ. ಹಿರಿಯರನ್ನು ಎದುರು ಹಾಕಿಕೊಳ್ಳುವ ಧೈರ್ಯ ಆಗಲಿಲ್ಲ. ಕಾಯಬೇಕಿತ್ತು. ಕಾಯಲಿಲ್ಲ. ಅದಕ್ಕೇ ಆ ಮಣ್ಣನ್ನಾದರೂ ಉಳಿಸಿದೆ. ಅವನು ಬಂದು ನೋಡಿದರೆ ಅವನಿಗೇ ತಿಳಿಯುತ್ತದೆ ಎಂದುಕೊಂಡಿದ್ದೆ. ಕಣ್ಣಿಗೆ ಕಾಣುವುದನ್ನು ಬಾಯಿಂದ ಏನು ಹೇಳುವುದು? ಅವನು ಬಂದವನೇ ಎಲ್ಲರ ಮುಂದೆ 'ಅಪ್ಪನ್ನ ಮುಚ್ಚಾಕೂ ಪುರಸೊತ್ತಿಲ್ಲೇನಲೇ ನಿನಗ' ಎಂದ. ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂಡಿಸಿಕೊಂಡು ಶಾಲೆಗೆ ಒಯ್ದ ಹುಡುಗ ನನಗೆ 'ಲೇ' ಎಂದ. ಆ ಮಾತಿನ ಮೇಲೆ 'ನಿನಗಾಗಿಯೇ ಉಳಿಸಿದ್ದೇನೆ' ಎಂದು ಹೇಳಿದರೆ ಬೇಡಿಕೊಂಡ ಹಾಗಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ನೋವಾಗಿತ್ತು ಸೂಗಿ. ಈಗಲೂ ಆಗುತ್ತದೆ.

ನಾನು ಬರೆಯಲಾರೆ. ಐದಾರು ಸಲ ಕೂತೆ, 'ಉರುಕುಂದನಿಗೆ' ಎಂದು ಬರೆದು ಅಲ್ಲಿಗೇ ನಿಲ್ಲುತ್ತದೆ. ವಾರಕ್ಕೊಮ್ಮೆ ಅವನ ದ್ವೀಪಕ್ಕೆ ಹೋಗುವ ವಿಮಾನಕ್ಕೆ ಮೋಡದ ವರದಿ ಬರೆದುಕೊಡುವ ಕೈ ಇದು. ಅದು ಹಾರಿಹೋಗಿ ಕಾಣದಾಗುವವರೆಗೆ ಹೊರಗೆ ನಿಂತು ನೋಡುತ್ತೇನೆ. ಅಷ್ಟು ಮಾಡಬಲ್ಲೆ.

ಕೂಸಿಗೆ ಒಂದು ಬೆಳ್ಳಿಯ ಉಡಿದಾರ ಮಾಡಿಸಿದ್ದೇನೆ. ಹೇಗೆ ಮುಟ್ಟಿಸುವುದೋ ತಿಳಿಯದೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ತಾಯಣ್ಣ


ಮಾನ್ವಿ
1-1-1984

ಉರುಕುಂದ,

ಹೊಸ ವರ್ಷದ ದಿನ ಬೈಯಬಾರದೆಂದು ನಮ್ಮ ಶಾಲೆಯ ಮಹಬೂಬೀ ಟೀಚರ್ ಹೇಳಿದ್ದಾರೆ, ಹಾಗಾಗಿ ಬೈಯುವುದಿಲ್ಲ. ನೆಟ್ಟಗೆ ಹೇಳುತ್ತೇನೆ, ಕೂತು ಓದು.

ಅಪ್ಪನ ಕುಣಿಯ ಪಕ್ಕದಲ್ಲಿ ಕಂದೀಲಿನ ಬೆಳಕಿನಲ್ಲಿ ನೀನು ನೋಡಿದ ಮಣ್ಣು ಅವಸರದಲ್ಲಿ ಬಿಟ್ಟುಹೋದದ್ದಲ್ಲ. ಅದು ನಿನ್ನದು. ನೀನು ಬಂದು ಹಾಕಲಿ ಎಂದು ಅಣ್ಣ ಸಲಿಕೆ ಕಸಿದುಕೊಂಡು, ಹಿರಿಯರಿಗೆ ಅಡ್ಡ ನಿಂತು ಉಳಿಸಿದ್ದು. ಮಣ್ಣು ಮಾಡುವುದನ್ನು ನಿಲ್ಲಿಸಲು ಅವನ ಕೈಲಾಗಲಿಲ್ಲ, ನಿನ್ನ ಪಾಲು ಉಳಿಸಲು ಆಯಿತು. ನೀನು ಬೈದೆ, ಅವನು ಬಾಯಿ ಮುಚ್ಚಿಕೊಂಡ. ನೀನು ಬೇಕೆಂದೇ ಹಾಕದೆ ಹೋದೆ ಎಂದು ಅವ್ವ ತಿಳಿದಳು. ಅವಳು ನಿನ್ನ ವಿಷಯ ಕೇಳದಿದ್ದದ್ದು ಇದಕ್ಕೆ. ನೀನು ಕೇಳಿದೆಯಲ್ಲ, ಆಶೀರ್ವಾದದ ಸಾಲು ನನ್ನದೇ ಎಂದು. ಹೌದು, ನನ್ನದೇ. ಈ ಸಲದ್ದು ಅವ್ವನದು. ಅವಳು ಹೇಳಿದ ಹಾಗೇ ಬರೆಯುತ್ತಿದ್ದೇನೆ: 'ಅಂವನ ಮಣ್ಣು ಹಂಗೇ ಅದ ಅಂತ ಹೇಳು. ನಾ ಕಾಯಾಕತ್ತೀನಿ ಅಂತ ಹೇಳು.'

ಮೊನ್ನೆ ಅವಳು ಮೊದಲ ಸಲ ಕೇಳಿದಳು, ನೀವಿಬ್ಬರೂ ಇರುವ ಊರುಗಳ ನಡುವೆ ಎಷ್ಟು ದೂರ ಎಂದು. ವಿಮಾನದಾಗ ಒಂದು ತಾಸು ಎಂದೆ. 'ಗಬ್ಬೂರಿಂದ ದೇವದುರ್ಗಕ್ಕ ಹೋದಷ್ಟು ಹೊತ್ತು' ಎಂದು ಲೆಕ್ಕ ಹಾಕಿದಳು. 'ಅಷ್ಟಕ್ಕ ಐದು ವರ್ಷ ಹಿಡೀತೇನು?'

ಉತ್ತರ ನನಗೆ ಬರೆಯಬೇಡ. ಅವನಿಗೆ ಬರೆ.

ಸೂಗಮ್ಮ


ಮಾನ್ವಿ
11-3-1984

ಅಣ್ಣನಿಗೆ,

ಎರಡು ತಿಂಗಳಾಯಿತು, ಅವನಿಂದ ಕಾಗದವಿಲ್ಲ. ನಿನ್ನಿಂದಲೂ ಇಲ್ಲ. ನನಗೆ ಬರೆಯಬೇಡ ಎಂದೆ ಎಂದು ಅವನು ಅಷ್ಟನ್ನೇ ಪಾಲಿಸುತ್ತಿದ್ದಾನೋ, ಅಥವಾ ನಾನು ಮೂಗು ತೂರಿಸಿ ಎಲ್ಲ ಕೆಡಿಸಿದೆನೋ? ಟಪಾಲಿನವನು ನನ್ನ ಮುಖ ನೋಡಿದ ಕೂಡಲೇ ದೂರದಿಂದಲೇ ಕೈಯಾಡಿಸುತ್ತಾನೆ, ಇಲ್ಲ ಎಂದು. ಬಿಸಿಲು ಆಗಲೇ ಏರಿದೆ. ಗಬ್ಬೂರಿಗೆ ಹೋದಾಗಲೆಲ್ಲ ಅವ್ವ ಕೇಳುತ್ತಾಳೆ. ಏನಾದರೂ ಬರೆ, ಮೋಡದ ಸುದ್ದಿಯಾದರೂ ಸರಿ.

ಸೂಗಿ


ಪೋರ್ಟ್ ಬ್ಲೇರ್
12-4-1984

ಸೂಗಿಗೆ,

ಮೋಡದ ಸುದ್ದಿಯನ್ನೇ ಬರೆಯುತ್ತೇನೆ.

ಹೋದ ವಾರದ ವಿಮಾನದವರ ಕೈಯಲ್ಲಿ ನನ್ನ ಹೆಸರಿಗೆ ಒಂದು ಚೀಟಿ ಬಂತು. 'ರಜೆ ಈಗ ಸಿಕ್ಕಿತು. ಬುಧವಾರ ಮೂವರು ಬರುತ್ತೇವೆ' ಎಂದಷ್ಟೇ ಇತ್ತು, ಸಹಿಯೂ ಇರಲಿಲ್ಲ. ಅಕ್ಷರ ಗುರುತು ಹಿಡಿದೆ, ಅದನ್ನು ತಿದ್ದಿಸಿದವನು ನಾನೇ ಅಲ್ಲವೇ.

ನಿನ್ನೆ ಬುಧವಾರ. ಹಾದಿಯಲ್ಲಿ ಮೋಡವಿದೆ, ಮಳೆಯಾಗಬಹುದು ಎಂದು ವರದಿ ಬರೆದವನೂ ನಾನೇ. ಸುಳ್ಳಾಗಲಿ ಎಂದು ಬೇಡಿಕೊಂಡು ಬರೆದ ವರದಿ ಅದೊಂದೇ. ವಿಮಾನ ಬರುವ ಹೊತ್ತಾಯಿತು, ಬರಲಿಲ್ಲ. ಅಲ್ಲಿ ಮಳೆ, ಇನ್ನೂ ನೆಲ ಬಿಟ್ಟಿಲ್ಲ ಎಂದು ವೈರ್‌ಲೆಸ್ಸಿನಲ್ಲಿ ಹೇಳಿದರು. ನನ್ನ ಪಾಳಿ ಮುಗಿಯಿತು. ಕಚೇರಿಯ ಜೀಪು ಹೊರಟಿತು. 'ಇವತ್ತು ಬಂದರೂ ಬಂತು, ಇಲ್ಲದಿದ್ದರೂ ಇಲ್ಲ, ಎಷ್ಟು ಹೊತ್ತು ಕಾಯುತ್ತೀರಿ' ಎಂದರು ನಮ್ಮ ಸಾಹೇಬರು. ಗಬ್ಬೂರಿನಲ್ಲಿ ಹಿರಿಯರು ಆಡಿದ್ದೂ ಇದೇ ಮಾತು. ಅವತ್ತು ಕೇಳಿದೆ. ನಿನ್ನೆ ಕೇಳಲಿಲ್ಲ. ಜೀಪು ಬಿಟ್ಟು, ಇಲ್ಲೂ ಶುರುವಾಗಿದ್ದ ಮಳೆಯಲ್ಲಿ ಬೇಲಿಯ ಹತ್ತಿರ ನಿಂತೆ.

ಸಂಜೆಯ ಮುಂದೆ ಬಂತು. ಮೊದಲು ಬಸ್ಸಮ್ಮ ಇಳಿದಳು, ಹಿಂದೆ ಕೂಸನ್ನೆತ್ತಿಕೊಂಡು ಅವನು. ಕೂದಲು ಆಗಲೇ ನರೆಯಲು ಹತ್ತಿದೆ, ನೀನು ಹೇಳಿರಲಿಲ್ಲ. ನನ್ನ ಮುಂದೆ ಬಂದು ನಿಂತ.

'ಭಾಳ ಹೊತ್ತಾತೇನು ನಿಂತು?' ಎಂದ.

'ಒಂದು ತಾಸು' ಎಂದೆ. ಮೂರು ತಾಸಾಗಿತ್ತು.

ನನ್ನ ತೊಯ್ದ ಅಂಗಿ ನೋಡಿದ. ಅವನಿಗೆ ತಿಳಿಯಿತು. ಕೂಸನ್ನು ನನ್ನ ಕೈಗೆ ಕೊಟ್ಟು, 'ಅಣ್ಣಾ, ನಾ ಅವತ್ತ ಮಣ್ಣು ನೋಡಿದೆ, ನಿನ್ನ ಮುಖ ನೋಡಲಿಲ್ಲ' ಎಂದು ಅತ್ತುಬಿಟ್ಟ. 'ನಾನೂ ಕಾಯಲಿಲ್ಲ ತಮ್ಮಾ' ಎಂದೆ. ನಾನು ಅತ್ತದ್ದನ್ನು ಬರೆಯುವುದಿಲ್ಲ. ಕೂಸು ಇಬ್ಬರನ್ನೂ ನೋಡಿ ನಕ್ಕಿತು, ಅದನ್ನು ಬರೆಯುತ್ತೇನೆ. ನಮ್ಮಪ್ಪನ ಹಾಗೆಯೇ ಒಂದೇ ಕೆನ್ನೆಯಲ್ಲಿ ಕುಳಿ. ಉಡಿದಾರ ಸ್ವಲ್ಪ ಬಿಗಿಯಾಗುತ್ತಿದೆ, ಇಷ್ಟು ದಿನ ಪೆಟ್ಟಿಗೆಯಲ್ಲಿತ್ತಲ್ಲ.

ನನಗೂ ರಜೆ ಸಿಕ್ಕಿದೆ. ಶನಿವಾರದ ಹಡಗಿಗೆ ಎಲ್ಲರೂ ಮದ್ರಾಸಿಗೆ, ಅಲ್ಲಿಂದ ರೈಲಿಗೆ ರಾಯಚೂರಿಗೆ ಬರುತ್ತೇವೆ. ನಾಳೆ ವಿಮಾನದಲ್ಲಿ ಮದ್ರಾಸಿಗೆ ಹೋಗುವವರ ಕೈಯಲ್ಲಿ ಈ ಕಾಗದ ಕೊಡುತ್ತೇನೆ, ನಮಗಿಂತ ಮೊದಲು ಮುಟ್ಟುತ್ತದೆ. ನೀನು ಸ್ಟೇಷನ್ನಿಗೆ ಬರಬೇಡ, ಗಬ್ಬೂರಿನಲ್ಲಿ ಅವ್ವನ ಹತ್ತಿರ ಇರು. ಬೆನ್ನು ಗಟ್ಟಿ ಮಾಡಿಕೊಂಡಿರು. ಹೆಸರು ಹಂಪಮ್ಮ ಎಂದು ಇಬ್ಬರೂ ಕೂತು ಗೊತ್ತು ಮಾಡಿದ್ದೇವೆ, ಅಪ್ಪ ಹಂಪಯ್ಯನ ಹೆಸರು ಇವಳಿಗೇ ಇರಲಿ.

ಬಸ್ಸು ತಡವಾದರೆ ಕಾಯಿರಿ.

ತಾಯಣ್ಣ

ಅಕ್ಕಾ, ಉಳಿದ ಜಾಗದಲ್ಲಿ ನಾನು ಉರುಕುಂದ ಬರೆಯುತ್ತಿದ್ದೇನೆ. ಅವ್ವನಿಗೆ ಓದಿ ಹೇಳು. ಆ ಕಲ್ಲುಗಳನ್ನು ಈಗಲೇ ತೆಗೆಯುವುದು ಬೇಡ, ನಾನೇ ಬಂದು ತೆಗೆಯುತ್ತೇನೆ. ಗಡಿಗೆಪ್ಪನ ಹತ್ತಿರ ಸಲಿಕೆ ಕೇಳಿಡುವುದೂ ಬೇಡ. ಅಣ್ಣ ಪಕ್ಕದಲ್ಲಿ ನಿಂತಿರುತ್ತಾನೆ. ಅಷ್ಟು ಮಣ್ಣನ್ನೂ ನಾನು ಕೈಯಿಂದಲೇ ಹಾಕುತ್ತೇನೆ.